ಕುದುರೆಯ ಕಡಿವಾಣ: ಬೇಟೆ ರೈಫಲ್ಲಿನ ಗುರಿಯ ಕಥೆ

ಬಂದೂಕಿನಲ್ಲಿ ಬೆರಳಿಗೆ ಸಿಗುವ ಸನ್ನೆಯನ್ನು ಕನ್ನಡದಲ್ಲಿ ನಾವು ‘ಕುದುರೆ’ ಎನ್ನುತ್ತೇವೆ. ಗುಜರಾತಿನಲ್ಲಿ ನೆಲೆಸಿದ ಮೇಲೆ ಇಲ್ಲಿನವರ ಬಾಯಲ್ಲೂ ಅದೇ ಪ್ರಾಣಿಯ ಹೆಸರು ನಮಗೆ ಕೇಳಿಸಿತು: ‘ಘೋಡೊ’. ಕಿಡಿ ಹಾರಿಸಲು ಹಿಂದಕ್ಕೆ ಬಾಗಿ ನಿಲ್ಲುವ ಸುತ್ತಿಗೆಯಂಥ ಭಾಗಕ್ಕೂ ಅದನ್ನು ಬಿಡುಗಡೆ ಮಾಡುವ ಸನ್ನೆಗೂ ಎರಡೂ ನಾಡಿನ ಜನ ಒಂದೇ ಹೆಸರನ್ನು ಬಳಸಿದ್ದಾರೆ. ಇಂಗ್ಲಿಷರು ಆ ಸುತ್ತಿಗೆಯಲ್ಲಿ ಹುಂಜವನ್ನು ಕಂಡರು, ಫ್ರೆಂಚರು ನಾಯಿಯನ್ನು ಕಂಡರು. ನಮ್ಮವರಿಗೆ ಕುದುರೆಯೇ ಏಕೆ ಕಂಡಿತೆಂದು ಖಚಿತವಾಗಿ ಹೇಳುವುದು ಕಷ್ಟ. ಆದರೆ ಹೆಸರು ಒಪ್ಪುತ್ತದೆ. ಬಿಗಿಹಿಡಿದ ಶಕ್ತಿಯೊಂದು ಅಲ್ಲಿ ಕಾಯುತ್ತಿರುತ್ತದೆ, ಬಿಟ್ಟರೆ ಓಡುತ್ತದೆ, ಓಡಿದ ಮೇಲೆ ಹಿಂದಕ್ಕೆ ಕರೆಯಲು ಬರುವುದಿಲ್ಲ.

ಬಂದೂಕಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯುದ್ಧಗಳ ಚರಿತ್ರೆಯಾಗಿ ಓದುತ್ತೇವೆ. ಈ ಲೇಖನದಲ್ಲಿ ಅದನ್ನು ಬೇಟೆಯ ಕಡೆಯಿಂದ, ಅದರಲ್ಲೂ ಎರಡು ಸಣ್ಣ ಸಂಗತಿಗಳ ಕಡೆಯಿಂದ ನೋಡೋಣ. ಕುದುರೆ ಎಷ್ಟು ಹದವಾಗಿ ಬಿಡುಗಡೆಯಾಗುತ್ತದೆ ಎಂಬುದು ಒಂದು. ಗುಂಡು ಕಣ್ಣಿಟ್ಟಲ್ಲಿಗೇ ಹೋಗುತ್ತದೆಯೇ ಎಂಬುದು ಇನ್ನೊಂದು. ಇವೆರಡನ್ನೂ ಉತ್ತಮಪಡಿಸಲು ಮನುಷ್ಯ ನಾಲ್ಕೈದು ಶತಮಾನ ದುಡಿದಿದ್ದಾನೆ. ಆ ದುಡಿಮೆ ಫಲಿಸಿದಂತೆಲ್ಲ ಗುರಿ ತಪ್ಪಿದಾಗ ಯಂತ್ರವನ್ನು ದೂರುವ ಅವಕಾಶ ಕಡಿಮೆಯಾಗುತ್ತ ಬಂದಿತು, ಹೊಣೆ ಬೆರಳಿನ ಒಡೆಯನಿಗೆ ಸೇರುತ್ತ ಹೋಯಿತು. ಈ ಕಥೆಯ ಹಲವು ಪ್ರಸಂಗಗಳು ನಾವು ಬಿಟ್ಟು ಬಂದ ಕನ್ನಡನಾಡಿನಲ್ಲೂ ನಾವು ಬದುಕುತ್ತಿರುವ ಈ ಗುಜರಾತಿನಲ್ಲೂ ನಡೆದಿವೆ.

ಇಂಗ್ಲಿಷಿನಲ್ಲಿ ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’ ಎಂಬ ನುಡಿಗಟ್ಟೊಂದಿದೆ. ಸಾರಾಸಗಟಾಗಿ, ಬುಡಸಮೇತ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಮೂಲದಲ್ಲಿ ಅದು ಬಂದೂಕಿನ ಮೂರು ಅಂಗಗಳ ಪಟ್ಟಿ: ಕಿಡಿ ಹೊತ್ತಿಸುವ ಯಂತ್ರ, ಹೆಗಲಿಗೆ ಆನಿಸುವ ಮರ, ಗುಂಡು ಸಾಗುವ ನಳಿಕೆ. ಗುರಿಯ ನಿಖರತೆಗೆ ಮೂರೂ ಬೇಕು. ಮೊದಲಿಗೆ ತೊಡಕು ಕೊಟ್ಟದ್ದು ಕಿಡಿಯ ಯಂತ್ರ. ಬತ್ತಿಕೋವಿಯಲ್ಲಿ ಕುದುರೆಯನ್ನು ಎಳೆದರೆ ಹೊಗೆಯಾಡುತ್ತಿರುವ ಬತ್ತಿ ಕೆಳಗಿಳಿದು ಬಟ್ಟಲಿನ ಮದ್ದಿಗೆ ತಾಗಬೇಕು. ಅದು ಹೊತ್ತಿಕೊಂಡು ಸಣ್ಣ ರಂಧ್ರದ ಮೂಲಕ ನಳಿಕೆಯೊಳಗಿನ ಮದ್ದನ್ನು ಮುಟ್ಟಬೇಕು. ಬೆರಳು ಎಳೆದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ಹೊತ್ತು ಕಳೆಯುತ್ತಿತ್ತು. ಅಷ್ಟರೊಳಗೆ ಪ್ರಾಣಿ ಕದಲಬಹುದು, ಕೈ ನಡುಗಬಹುದು, ಮುಖದ ಬಳಿ ಉರಿದ ಮದ್ದಿಗೆ ಬೆದರಿ ಕಣ್ಣು ಮುಚ್ಚಿಕೊಳ್ಳಬಹುದು. ಎಷ್ಟೋ ಸಲ ಬಟ್ಟಲಿನ ಮದ್ದು ಉರಿದು ಒಳಗಿನದು ಹಾಗೆಯೇ ಉಳಿಯುತ್ತಿತ್ತು. ಕುದುರೆಯಿಂದ ಗುಂಡಿನವರೆಗಿನ ಈ ವಿಳಂಬವನ್ನು ಕಡಿಮೆ ಮಾಡುವುದೇ ಮುಂದಿನ ಎಲ್ಲ ಸುಧಾರಣೆಗಳ ಗುರಿಯಾಯಿತು.

ಮೊಗಲರ ಕಾಲದಲ್ಲಿ ಈ ವಿಷಯಕ್ಕೆ ದೊರೆತ ಗಮನ ದೊಡ್ಡದು. ಅಬುಲ್ ಫಜಲ್‌ನ ‘ಐನ್-ಇ-ಅಕ್ಬರಿ’ಯಲ್ಲಿ ಬಂದೂಕುಗಳಿಗೆಂದೇ ಪ್ರತ್ಯೇಕ ಭಾಗಗಳಿವೆ. ಕಬ್ಬಿಣದ ಪಟ್ಟಿಯನ್ನು ಸುರುಳಿಯಾಗಿ ತಿರುಚಿ ಬೆಸೆದು ಒಡೆಯದ ನಳಿಕೆ ಮಾಡುವ ಕ್ರಮ, ಎತ್ತು ತಿರುಗಿಸುವ ಒಂದೇ ಚಕ್ರದಿಂದ ಹದಿನಾರು ನಳಿಕೆಗಳ ಒಳಮೈಯನ್ನು ಒಟ್ಟಿಗೆ ನಯಗೊಳಿಸುವ ಯಂತ್ರ, ಬತ್ತಿಯಿಲ್ಲದೆ ಕುದುರೆಯ ಸಣ್ಣ ಚಲನೆಯಿಂದಲೇ ಹೊತ್ತಿಕೊಳ್ಳುವ ಬಂದೂಕು, ಇವೆಲ್ಲ ಅಲ್ಲಿ ಅಕ್ಬರನ ಹೆಸರಿನಲ್ಲಿ ದಾಖಲಾಗಿವೆ. ಆಸ್ಥಾನ ಲೇಖಕನ ಹೊಗಳಿಕೆಯನ್ನು ಕಳೆದು ನೋಡಿದರೂ ಒಂದು ಮಾತು ಉಳಿಯುತ್ತದೆ. ಒಳಮೈ ನಯವಾಗಿಲ್ಲದ ನಳಿಕೆಯಿಂದ ನೇರವಾದ ಗುಂಡು ಬಾರದು ಎಂಬುದನ್ನು ಹದಿನಾರನೆಯ ಶತಮಾನದ ನಮ್ಮ ಕಮ್ಮಾರರು ಚೆನ್ನಾಗಿ ಬಲ್ಲವರಾಗಿದ್ದರು.

ಅಕ್ಬರನ ಮಗ ಜಹಾಂಗೀರನಿಗೂ ನಮ್ಮ ಅಹಮದಾಬಾದಿಗೂ ಒಂದು ಹಳೆಯ ಮುನಿಸಿದೆ. 1617ರ ಕೊನೆಯಲ್ಲಿ ಸಮುದ್ರ ನೋಡಲು, ಆನೆ ಬೇಟೆಯಾಡಲು ಗುಜರಾತಿಗೆ ಬಂದ ಆತ ಈ ಊರಿನ ಧೂಳಿಗೆ ಬೇಸತ್ತು ಇದನ್ನು ‘ಗರ್ದಾಬಾದ್’, ಧೂಳಿನ ಊರು, ಎಂದು ಕರೆದ. ಮೇ ತಿಂಗಳಲ್ಲಿ ಆಶ್ರಮ ರಸ್ತೆಯಲ್ಲಿ ನಡೆದ ನಮ್ಮಲ್ಲಿ ಯಾರೂ ಅವನ ಮೇಲೆ ಕೋಪಿಸಿಕೊಳ್ಳಲಾರೆವು. ಆ ಪ್ರವಾಸಕ್ಕೆ ಸ್ವಲ್ಪ ಮೊದಲು ಜಹಾಂಗೀರ್ ತನ್ನ ಬೇಟೆಯ ಲೆಕ್ಕವನ್ನು ಗುಮಾಸ್ತರಿಂದ ತೆಗೆಸಿದ್ದ. ಹನ್ನೆರಡನೆಯ ವಯಸ್ಸಿನಿಂದ ಆತನ ಸಮಕ್ಷಮದಲ್ಲಿ ಬಿದ್ದ ಪ್ರಾಣಿಪಕ್ಷಿಗಳು 28,532. ಅವುಗಳಲ್ಲಿ ಸ್ವಂತ ಕೈಯಿಂದ ಬಿದ್ದವು 17,167. ಚಕ್ರವರ್ತಿಯೊಬ್ಬ ತನ್ನ ಕೊಲೆಗಳನ್ನು ಹೀಗೆ ಅಂಕಿಗಳಲ್ಲಿ ಬರೆದಿಟ್ಟ ನಿದರ್ಶನ ಅಪರೂಪ. ಅಷ್ಟೇ ಅಪರೂಪದ್ದು ಇನ್ನೊಂದಿದೆ. ಮೊಮ್ಮಗ ಷಾ ಶುಜಾ ಕಾಯಿಲೆ ಬಿದ್ದಾಗ, ಮಗು ಉಳಿಯಲೆಂದು, ಇನ್ನು ಮುಂದೆ ಬಂದೂಕಿನಿಂದ ಬೇಟೆಯಾಡುವುದಿಲ್ಲ ಎಂದು ಆತ ಹರಕೆ ಹೊತ್ತ. ಹರಕೆ ಕೊನೆಯವರೆಗೂ ನಿಲ್ಲಲಿಲ್ಲ. ಆದರೂ ಗುರಿ ತಪ್ಪದ ಒಬ್ಬ ಬೇಟೆಗಾರ ಒಂದು ಜೀವಕ್ಕಾಗಿ ಅಂಜಿ ಬೆರಳನ್ನು ಹಿಂದಕ್ಕೆ ತೆಗೆದ ಪ್ರಸಂಗವಿದು, ನೆನಪಿನಲ್ಲಿ ಇಡತಕ್ಕದ್ದು.

ಬತ್ತಿಯ ನಂತರ ಚಕಮಕಿ ಕಲ್ಲು ಬಂದಿತು. ಕನ್ನಡನಾಡಿನಲ್ಲಿ ಅದರ ಸೊಗಸಾದ ಮಾದರಿಗಳು ಶ್ರೀರಂಗಪಟ್ಟಣದ ಕಾರ್ಖಾನೆಗಳಿಂದ ಹೊರಬಂದವು. ಟಿಪ್ಪುವಿನ ಖಾಸಗಿ ಬಂದೂಕುಗಳಲ್ಲಿ ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಭಾಗವನ್ನು ಹುಲಿಯ ಆಕಾರದಲ್ಲಿ ಕೆತ್ತಿರುವುದನ್ನು ಇಂದಿಗೂ ಸಂಗ್ರಹಾಲಯಗಳಲ್ಲಿ ಕಾಣಬಹುದು. ಅಲ್ಲಿ ನಮ್ಮ ಕುದುರೆ ಹುಲಿಯಾಗಿತ್ತು! 1799ರ ನಂತರ ಆ ಬಂದೂಕುಗಳಲ್ಲಿ ಹಲವು ಲೂಟಿಯ ವಸ್ತುಗಳಾಗಿ ಇಂಗ್ಲೆಂಡಿಗೆ ಹೋದವು. ಆ ಮೇಲೆ ಬಂದದ್ದು ಕೇಪು. ಮಲೆನಾಡಿನ ಹಿರಿಯರು ಈಗಲೂ ‘ಕೇಪಿನ ಕೋವಿ’ ಎನ್ನುವುದು ಇದನ್ನೇ. ಸುತ್ತಿಗೆ ಬಡಿದೊಡನೆ ಸಿಡಿಯುವ ಪುಟ್ಟ ತಾಮ್ರದ ಟೊಪ್ಪಿಗೆ ಮಳೆಗಾಲದಲ್ಲೂ ಬಂದೂಕನ್ನು ನಂಬಿಕೆಗೆ ಯೋಗ್ಯವಾಗಿಸಿತು. ವಿಳಂಬವನ್ನು ಬಹುಮಟ್ಟಿಗೆ ಅಳಿಸಿತು.

ಇತ್ತ ನಳಿಕೆಯೊಳಗೂ ಬದಲಾವಣೆ ನಡೆದಿತ್ತು. ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ಹೋಗುತ್ತದೆ. ತಿರುಗುವ ಬುಗುರಿ ಬೀಳದಿರುವಂತೆ ತಿರುಗುವ ಗುಂಡು ದಾರಿ ತಪ್ಪುವುದಿಲ್ಲ. ರೈಫಲ್ ಎಂಬ ಹೆಸರು ಬಂದದ್ದೇ ಈ ತೋಡುಗಳಿಂದ. ತತ್ತ್ವ ಹಳೆಯದು. ಆದರೆ ಬಿಗಿಯಾದ ಗುಂಡನ್ನು ಬಾಯಿಯಿಂದ ಗುದ್ದಿ ತುಂಬುವ ಕಷ್ಟದಿಂದಾಗಿ ಸೈನ್ಯಗಳು ಅದನ್ನು ಬಹುಕಾಲ ದೂರವಿಟ್ಟಿದ್ದವು. ಸುಲಭವಾಗಿ ಜಾರಿ ಒಳಗಿಳಿದು, ಸಿಡಿದಾಗ ಹಿಗ್ಗಿ ತೋಡುಗಳನ್ನು ಹಿಡಿಯುವ ಉದ್ದನೆಯ ಗುಂಡು 1840ರ ದಶಕದ ಕೊನೆಯಲ್ಲಿ ರೂಪುಗೊಂಡ ಮೇಲೆ ಅಡ್ಡಿ ನಿವಾರಣೆಯಾಯಿತು. ಅದರ ಬ್ರಿಟಿಷ್ ಅವತಾರವೇ 1853ರ ಎನ್‌ಫೀಲ್ಡ್ ರೈಫಲ್. ಹಳೆಯ ನುಣುಪು ನಳಿಕೆಯ ಬಂದೂಕು ನೂರು ಗಜದಾಚೆ ನಂಬಲಾಗದ್ದು. ಎನ್‌ಫೀಲ್ಡ್ ಅದರ ಮೂರು ಪಟ್ಟು ದೂರದಲ್ಲೂ ಮನುಷ್ಯನನ್ನು ಹುಡುಕಿ ಹೊಡೆಯಬಲ್ಲದಾಗಿತ್ತು. ಈ ರೈಫಲ್ಲಿನ ಕೊಬ್ಬು ಸವರಿದ ತೋಟಾಗಳೇ 1857ರ ಸಿಪಾಯಿಗಳನ್ನು ಕೆರಳಿಸಿದ್ದು ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಕೊಬ್ಬು ಏಕೆ ಬೇಕಾಗಿತ್ತು ಎಂಬುದನ್ನು ಮಾತ್ರ ನಮಗೆ ಯಾರೂ ಹೇಳಲಿಲ್ಲ. ತೋಡುಗಳಿರುವ ನಳಿಕೆಯೊಳಗೆ ತೋಟಾ ಸರಾಗವಾಗಿ ಜಾರಲೆಂದು, ಅಂದರೆ ಗುರಿಯ ನಿಖರತೆಗಾಗಿಯೇ, ಆ ಕೊಬ್ಬನ್ನು ಸವರಿದ್ದರು.

1857ರ ಬಿರುಗಾಳಿ ಕುದುರೆಯ ಮೇಲಿನ ಬೆರಳು ಯಾರದ್ದಾಗಿರಬೇಕು ಎಂಬ ಪ್ರಶ್ನೆಯನ್ನು ಎಬ್ಬಿಸಿತು. ಸರ್ಕಾರ ಹೊರಡಿಸಿದ ನಿಶ್ಶಸ್ತ್ರೀಕರಣದ ಆಜ್ಞೆ ಮುಧೋಳದ ಬಳಿಯ ಹಲಗಲಿಯನ್ನು ತಲುಪಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆಯೇ ಕುಲವೃತ್ತಿಯಾದವರಿಗೆ ಆಯುಧ ಒಪ್ಪಿಸುವುದು ಹೊಟ್ಟೆಪಾಡನ್ನೂ ಮಾನವನ್ನೂ ಒಪ್ಪಿಸಿದಂತೆ. 1857ರ ನವೆಂಬರಿನ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿ ಜನರ ಬಾಯಲ್ಲಿ ಉಳಿಯಿತು. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಶಾಸನಗಳ ವಿದ್ವಾಂಸನೂ ಬ್ರಿಟಿಷ್ ಅಧಿಕಾರಿಯೂ ಆದ ಜೆ. ಎಫ್. ಫ್ಲೀಟ್ ಎಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಅದೇ ಕನ್ನಡನಾಡಿನ ಇನ್ನೊಂದು ಮೂಲೆಯಲ್ಲಿ, 1861ರಲ್ಲಿ, ಕೊಡವರಿಗೆ ಅವರ ನಿಷ್ಠೆಯ ಹೆಸರಿನಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ದೊರೆಯಿತು. ನಾಲ್ಕು ವರ್ಷಗಳ ಅಂತರದಲ್ಲಿ ಕೋವಿಯಿಂದಾಗಿ ಒಂದು ಊರು ಸುಟ್ಟುಹೋಯಿತು, ಕೋವಿಯೇ ಒಂದು ಜನಾಂಗದ ಗೌರವದ ಗುರುತಾಯಿತು. ಕೊಡಗಿನ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. 2019ರ ಕೇಂದ್ರ ಸರ್ಕಾರದ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಇಂದಿಗೂ ಅಲ್ಲಿನ ಮನೆಗಳಲ್ಲಿ ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿಡುತ್ತಾರೆ.

1878ರ ಶಸ್ತ್ರಾಸ್ತ್ರ ಕಾಯಿದೆ ಪರವಾನಗಿಯ ಬಲೆಯನ್ನು ದೇಶವಿಡೀ ಹರಡಿತು. ಐರೋಪ್ಯರು ಮಾತ್ರ ಆ ಬಲೆಯ ಹೊರಗೆ ಉಳಿದರು. ಅಹಮದಾಬಾದಿಗೂ ವಡೋದರಕ್ಕೂ ನಡುವಿನ ನಡಿಯಾದಿನಲ್ಲಿ ಕುಳಿತು, 1918ರ ಜೂನಿನಲ್ಲಿ, ಗಾಂಧೀಜಿ ಖೇಡಾದ ರೈತರನ್ನು ಸೈನ್ಯ ಸೇರುವಂತೆ ಕರೆದ ಕರಪತ್ರದಲ್ಲಿ ಈ ಕಾಯಿದೆಯ ಪ್ರಸ್ತಾಪ ಬರುತ್ತದೆ. ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಆ ಕಾಯಿದೆಯನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯವೆಂದು ಚರಿತ್ರೆ ಎಣಿಸುವುದೆಂಬ ಭಾವದ ಮಾತು ಅಲ್ಲಿದೆ. ಅಹಿಂಸೆಯ ಪ್ರತಿಪಾದಕರ ಮಾತೇ ಇದು ಎಂದು ನಾವು ಬೆರಗಾಗಬಹುದು. ಆದರೆ ಆಯುಧವಿದ್ದೂ ಎತ್ತದಿರುವುದು ಬೇರೆ, ಆಯುಧವೇ ಇಲ್ಲದೆ ಸುಮ್ಮನಿರುವುದು ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಈ ಕಾಯಿದೆಗಳ ನೆರಳಿನಲ್ಲಿಯೇ ಭಾರತದ ಬೇಟೆ ರೈಫಲ್ ರೂಪುಗೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೋಲ್ಟ್ ಎಂಬ ಅಗುಳಿಯ ರೈಫಲ್ ಪಕ್ವವಾಗಿತ್ತು. ಹಳೆಯ ಮನೆಯ ಬಾಗಿಲಿಗೆ ಅಗುಳಿ ಸರಿಸಿ ತಿರುಗಿಸಿದಂತೆ, ಉಕ್ಕಿನ ಸಿಲಿಂಡರೊಂದನ್ನು ಮುಂದಕ್ಕೆ ತಳ್ಳಿ ಹಿಡಿಯನ್ನು ಕೆಳಗಿಳಿಸಿದರೆ ತೋಟಾ ಒಳಗೆ ಕೂತು ಭದ್ರವಾಗುತ್ತದೆ. ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಜರ್ಮನಿಯ ಮೌಸರ್ 1898ರ ಮಾದರಿಯಲ್ಲಿ ಅಗುಳಿಯ ಮುಂದಲೆಯಲ್ಲಿಯೇ ಬಲವಾದ ಹಲ್ಲುಗಳಿದ್ದು ತೋಟಾವನ್ನು ಹತ್ತಿರದಿಂದ ಬಿಗಿಹಿಡಿಯುತ್ತವೆ. ಹೊಡೆಯುವ ಮೊಳೆ ಸಾಗಬೇಕಾದ ದೂರವೂ ಅದರ ಹಿಂದಿನ ಮಾದರಿಗಳಿಗಿಂತ ಕಡಿಮೆ. ಬ್ರಿಟಿಷರ ಲೀ-ಎನ್‌ಫೀಲ್ಡಿನಲ್ಲಿ ಹಲ್ಲುಗಳು ಹಿಂದಿದ್ದವು. ಅದು ವೇಗಕ್ಕೆ ಹೆಸರಾಯಿತು, ಇಪ್ಪತ್ತನೆಯ ಶತಮಾನದ ಆರಂಭದಿಂದ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗತೊಡಗಿತು.

ಅದರ .303 ತೋಟಾ ಸೈನ್ಯದ್ದಾದ್ದರಿಂದ ನಾಗರಿಕರಿಗೆ ನಿಷಿದ್ಧವಾಗಿತ್ತು. ಕದ್ದ ಸೇನಾ ಮದ್ದುಗುಂಡು ಬಂಡಾಯಗಾರರ ಕೈ ಸೇರೀತೆಂಬ ಭಯ ಇಷ್ಟಕ್ಕೇ ನಿಲ್ಲಲಿಲ್ಲ. 1907ರಲ್ಲಿ .450 ಅಳತೆಯ ರೈಫಲ್ಲುಗಳೂ ಭಾರತದಲ್ಲಿ ನಿಷೇಧಕ್ಕೆ ಒಳಗಾದವು. ಆನೆ, ಹುಲಿಗಳಿಗೆ ಅದನ್ನೇ ನೆಚ್ಚಿದ್ದ ಸಾಹೇಬರಿಗಾಗಿ ಲಂಡನ್ನಿನ ತಯಾರಕರು .465, .470, .475 ಎಂಬ ಹೊಸ ಅಳತೆಗಳನ್ನು ಮುಂದಿಟ್ಟರು. ಬೇಟೆಯ ತೋಟಾದ ವ್ಯಾಸವನ್ನು ನಿರ್ಧರಿಸಿದ್ದು ಹುಲಿಯ ಮೈಕಟ್ಟಲ್ಲ, ಸರ್ಕಾರದ ಕಡತ. ಸ್ವತಃ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇಶಾಪುರದ ಲೀ-ಎನ್‌ಫೀಲ್ಡ್ ಮಾದರಿಯನ್ನೇ .315 ತೋಟಾಕ್ಕೆ ಹೊಂದಿಸಿ ನಾಗರಿಕರ ಬೇಟೆ ರೈಫಲ್ ಮಾಡಿದ್ದೂ ಇದೇ ಕಾರಣದಿಂದ. ಸ್ವಾತಂತ್ರ್ಯಾನಂತರವೂ ಪರವಾನಗಿದಾರ ಭಾರತೀಯನ ಪರಿಚಿತ ಅಗುಳಿ ರೈಫಲ್ ಅದೇ ಆಗಿ ಉಳಿಯಿತು.

ಹೀಗಾಗಿ ನಮ್ಮ ದೇಶದಲ್ಲಿ ಬೇಟೆ ರೈಫಲ್ಲನ್ನು ಉತ್ತಮಪಡಿಸುವುದೆಂದರೆ ಸಿಪಾಯಿಯ ರೈಫಲ್ಲಿಗೆ ಬೇಟೆಗಾರನ ಸಂಯಮ ಕಲಿಸುವುದು. ಸೇನೆಯ ಕುದುರೆಯನ್ನು ಬೇಕೆಂದೇ ಗಡುಸಾಗಿ ಇಟ್ಟಿರುತ್ತಾರೆ. ಓಡುವಾಗ, ಬೀಳುವಾಗ, ಗಡಿಬಿಡಿಯಲ್ಲಿ ಅಗುಳಿ ಬಡಿಯುವಾಗ ತಾನಾಗಿ ಹಾರಬಾರದಲ್ಲ! ಲೀ-ಎನ್‌ಫೀಲ್ಡಿನ ಕುದುರೆ ಎರಡು ಹಂತದ್ದು. ಮೊದಲು ಮೂರ್ನಾಲ್ಕು ಪೌಂಡಿನ ಎಳೆತ, ಬಳಿಕ ಒಂದು ತಡೆ, ಕೊನೆಗೆ ಐದಾರು ಪೌಂಡಿನ ಎಳೆತ. ರೈಫಲ್ಲಿನ ತೂಕವೇ ಸುಮಾರು ನಾಲ್ಕು ಕಿಲೋ. ಅದರ ಅರ್ಧಕ್ಕಿಂತ ಹೆಚ್ಚಿನ ಬಲವನ್ನು ಒಂದು ಬೆರಳು ಹಾಕಬೇಕು. ಆ ಬಲ ಒಂದಿಷ್ಟು ಪಕ್ಕಕ್ಕೆ ವಾಲಿದರೂ ನಳಿಕೆಯ ತುದಿ ಕದಲುತ್ತದೆ. ಲೆಕ್ಕ ಸರಳ. ಅರವತ್ತು ಸೆಂಟಿಮೀಟರ್ ಉದ್ದದ ನಳಿಕೆಯ ತುದಿ ಒಂದು ಮಿಲಿಮೀಟರ್ ಸರಿದರೆ ನೂರು ಮೀಟರ್ ದೂರದಲ್ಲಿ ಗುಂಡು ಹದಿನಾರು ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಜಿಂಕೆಯ ಹೃದಯವೂ ಶ್ವಾಸಕೋಶವೂ ಇರುವ ಜಾಗ ಒಂದು ಊಟದ ತಟ್ಟೆಯಷ್ಟು. ಮಧ್ಯಕ್ಕೆ ಹಿಡಿದ ಗುರಿ ತಟ್ಟೆಯ ಅಂಚಿನಾಚೆ ಹೋಗಲು ಬೆರಳಿನ ಅಷ್ಟು ಒರಟುತನ ಸಾಕು.

ಕುದುರೆಯಲ್ಲಿ ನುರಿತವರು ಮೂರು ಗುಣ ಹುಡುಕುತ್ತಾರೆ. ಎಳೆತ ಹಗುರವಾಗಿರಬೇಕು, ಬಿಡುಗಡೆಗೆ ಮುನ್ನ ಮರಳಿನ ಮೇಲೆ ಗಾಡಿ ಎಳೆದಂತೆ ತೆವಳಬಾರದು, ಬಿಡುಗಡೆಯಾದ ಮೇಲೆ ಬೆರಳು ಮುಗ್ಗರಿಸಿದಂತೆ ಹಿಂದಕ್ಕೆ ಜಿಗಿಯಬಾರದು. ಈ ಮೂರೂ ನಿಂತಿರುವುದು ಒಳಗಿನ ಎರಡು ಪುಟ್ಟ ಉಕ್ಕಿನ ಅಂಚುಗಳ ಮೇಲೆ. ಸಿಯರ್ ಎಂಬ ಕೊಕ್ಕೆಯ ಅಂಚು ಒಂದು. ಅದು ತಡೆಹಿಡಿದಿರುವ ಹೊಡೆಮೊಳೆಯ ಅಂಚು ಇನ್ನೊಂದು. ಬಂದೂಕು ತಯಾರಕ ಈ ಅಂಚುಗಳನ್ನು ನುಣ್ಣನೆಯ ಕಲ್ಲಿನ ಮೇಲೆ ತಿಕ್ಕಿ ನಯಗೊಳಿಸುತ್ತಾನೆ. ಸೂರತ್ತಿನಲ್ಲಿ ಇರುವವರಿಗೆ ಈ ಕೆಲಸವನ್ನು ವಿವರಿಸಬೇಕಾಗಿಲ್ಲ. ವರಾಛಾದ ವಜ್ರದ ಕಾರ್ಖಾನೆಯಲ್ಲಿ ಘಂಟಿಯ ಮುಂದೆ ಕುಳಿತ ಕುಶಲಿಯನ್ನು ಕೇಳಿದರೆ ಮೊದಲು ಕೋನ, ಆಮೇಲೆ ಹೊಳಪು ಎಂದಾನು. ಕೋನ ಕೆಟ್ಟರೆ ಅಲ್ಲಿ ಕಲ್ಲಿನ ಬೆಲೆ ಹೋಗುತ್ತದೆ, ಇಲ್ಲಿ ಜೀವ ಹೋಗುತ್ತದೆ. ಉಕ್ಕಿನ ಗಡಸು ಪದರ ತೆಳುವಾದುದು. ಅದನ್ನು ಹೆಚ್ಚು ತಿಕ್ಕಿದರೆ ಒಳಗಿನ ಮೆತ್ತನೆಯ ಲೋಹ ಹೊರಬಂದು ಬೇಗ ಸವೆಯುತ್ತದೆ, ಒಂದು ದಿನ ಅಗುಳಿ ಮುಚ್ಚಿದೊಡನೆ ಬೆರಳು ತಾಗದೆಯೇ ಗುಂಡು ಹಾರುತ್ತದೆ. ಇದು ಪರವಾನಗಿ ಪಡೆದ ದುರಸ್ತಿಗಾರನ ಕೆಲಸವೆಂದು ನಮ್ಮ ಕಾನೂನು ವಿಧಿಸಿರುವುದು ವ್ಯರ್ಥವಲ್ಲ. ದೊಡ್ಡ ಕಾರ್ಖಾನೆಗಳಿಗೂ ಈ ಅಪಾಯ ತಪ್ಪಿದ್ದಲ್ಲ. 2014ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಎಕ್ಸ್-ಮಾರ್ಕ್ ಪ್ರೊ ಎಂಬ ತನ್ನ ಕುದುರೆಯಿದ್ದ ಅಗುಳಿ ರೈಫಲ್ಲುಗಳನ್ನು, ತಾನಾಗಿ ಹಾರುವ ಸಾಧ್ಯತೆ ಕಂಡು, ಗ್ರಾಹಕರಿಂದ ಹಿಂದಕ್ಕೆ ಕರೆಸಿಕೊಂಡಿತು.

ಕುದುರೆ ಹದಗೊಂಡ ಮಾತ್ರಕ್ಕೆ ಗುರಿ ಸಿದ್ಧಿಸುವುದಿಲ್ಲ. ಸಿಡಿತದ ಕ್ಷಣದಲ್ಲಿ ನಳಿಕೆ ವೀಣೆಯ ತಂತಿಯಂತೆ ಕಂಪಿಸುತ್ತದೆ. ಪ್ರತಿ ಸಲವೂ ಒಂದೇ ಬಗೆಯಲ್ಲಿ ಕಂಪಿಸಿದರೆ ಗುಂಡುಗಳು ಒಂದೆಡೆ ಒತ್ತಾಗಿ ಬೀಳುತ್ತವೆ. ಮರದ ಮೈ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಳಿಕೆಯನ್ನು ಒತ್ತಿದರೆ ಚದುರುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಬಾಗಿಲುಗಳೇ ಉಬ್ಬಿ ಮುಚ್ಚದೆ ನಿಲ್ಲುವಾಗ ರೈಫಲ್ಲಿನ ಮರ ಉಬ್ಬದಿರುತ್ತದೆಯೇ? ಇಶಾಪುರದವರು ಮರ ಸೀಳದಂತೆ ಒಂದು ತಿರುಪನ್ನೇ ಹೆಚ್ಚಾಗಿ ಸೇರಿಸಿದ್ದರು. ಇಂದಿನ ಕುಶಲಿಗಳು ನಳಿಕೆಯ ಸುತ್ತ ಮರವನ್ನು ಒಂದಿಷ್ಟು ಕೆತ್ತಿ ಅದನ್ನು ಯಾವುದಕ್ಕೂ ತಾಗದಂತೆ ತೇಲಿಬಿಡುತ್ತಾರೆ. ಅಗುಳಿಯ ಪೆಟ್ಟಿಗೆ ಕೂರುವ ಜಾಗಕ್ಕೆ ರಾಳ ಎರೆದು ಅಲುಗದ ಹಾಸು ಮಾಡುತ್ತಾರೆ. ನಳಿಕೆಯ ಬಾಯಿಯ ಅಂಚಿಗೆ ಸಣ್ಣ ಏಟು ಬಿದ್ದಿದ್ದರೂ ಹೊರಬರುವ ಗುಂಡು ಓಲಾಡುತ್ತದೆ. ಅದನ್ನು ಸಮ ಮಾಡುತ್ತಾರೆ. ಕೊನೆಗೆ ತೋಟಾ: ಒಂದೇ ತಯಾರಿಕೆಯ, ಒಂದೇ ತೂಕದ ಗುಂಡು ಹಾಕದಿದ್ದರೆ ಉಳಿದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಗುಂಡು ಒತ್ತಾಗಿ ಬೀಳುವುದಕ್ಕೂ ಸರಿಯಾದಲ್ಲಿ ಬೀಳುವುದಕ್ಕೂ ವ್ಯತ್ಯಾಸವಿದೆ. ಒತ್ತಾಗಿ ಬೀಳುವುದು ರೈಫಲ್ಲಿನ ಗುಣ. ಆ ಒತ್ತನ್ನು ಗುರಿಯ ನಡುವಿಗೆ ತರುವುದು ನೋಟದ ಕಣ್ಣನ್ನು ತಿರುಗಿಸಿ ಹೊಂದಿಸುವ ಕೆಲಸ. ಮೊದಲನೆಯದಿಲ್ಲದೆ ಎರಡನೆಯದನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ.

ಕನ್ನಡ ಓದುಗರಿಗೆ ಇಂಥ ರೈಫಲ್ಲುಗಳ ಪರಿಚಯ ಬಹುಮಟ್ಟಿಗೆ ತೇಜಸ್ವಿಯವರ ಅನುವಾದಗಳಿಂದ ಆದದ್ದು. ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿದ್ದು .405 ವಿಂಚೆಸ್ಟರನ್ನು, ಅದು ಕೈಸನ್ನೆ ಕೆಳಗೆಳೆದು ತೋಟಾ ತುಂಬುವ ಬಗೆಯದು. ಜಿಮ್ ಕಾರ್ಬೆಟ್‌ನದು ಮೌಸರ್ ಅಗುಳಿಯ .275 ರಿಗ್ಬಿ. 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಅದನ್ನು ಅವನಿಗೆ ಉಡುಗೊರೆಯಾಗಿ ಕೊಟ್ಟಿದ್ದ. ಇಬ್ಬರ ಬರಹಗಳಲ್ಲೂ ನಮ್ಮನ್ನು ಕಾಡುವುದು ಬಿದ್ದ ಹುಲಿಗಿಂತ ಹೆಚ್ಚಾಗಿ ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ. ಕೆಟ್ಟ ಗುರಿಯಿಂದ ದವಡೆಯೋ ಕಾಲೋ ಮುರಿದ ಹುಲಿ ಸಹಜ ಬೇಟೆಯಾಡಲಾರದೆ ಹಳ್ಳಿಯ ಕಡೆ ತಿರುಗುತ್ತದೆ. ಚಂಪಾವತದ ಹುಲಿಯ ಬಾಯಿಯ ಹಲ್ಲುಗಳೇ ಹಳೆಯ ಗುಂಡೇಟಿನಿಂದ ಮುರಿದಿದ್ದವೆಂದು ಕಾರ್ಬೆಟ್ ಬರೆದಿದ್ದಾನೆ. 436 ಮನುಷ್ಯರ ಸಾವನ್ನು ಆ ಹುಲಿಯ ಲೆಕ್ಕಕ್ಕೆ ಬರೆದರು. ಆ ಲೆಕ್ಕದ ಮೊದಲ ಸಾಲಿನಲ್ಲಿ ಇರಬೇಕಾದುದು ಎಲ್ಲಿಯೋ ಗುರಿ ತಪ್ಪಿ ಮನೆಗೆ ಹೋಗಿ ಮಲಗಿದ ಒಬ್ಬ ಅನಾಮಿಕ ಬಂದೂಕುಗಾರನ ಹೆಸರು.

ನಿಖರ ರೈಫಲ್ ಗಾಯಗಳನ್ನು ಕಡಿಮೆ ಮಾಡಿತು ಎಂಬುದು ನಿಜ. ಕಾಡನ್ನು ಬರಿದು ಮಾಡಿತು ಎಂಬುದೂ ಅಷ್ಟೇ ನಿಜ. ಒಂದು ಕಾಲಕ್ಕೆ ಉತ್ತರ ಭಾರತದ ಬಯಲುಗಳಲ್ಲೆಲ್ಲ ಇದ್ದ ಸಿಂಹ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸೌರಾಷ್ಟ್ರದ ಗಿರ್ ಕಾಡಿಗೆ ಸೀಮಿತವಾಯಿತು. ವಡೋದರದ ಮಕರ್‌ಪುರ ಎಂದರೆ ಇಂದು ನಮ್ಮಲ್ಲಿ ಹಲವರಿಗೆ ಜಿಐಡಿಸಿ ಶೆಡ್ಡುಗಳೂ ಪಾಳಿಯ ಸೈರನ್ನೂ ನೆನಪಾಗುತ್ತವೆ. ಅಲ್ಲಿನ ಅರಮನೆಯನ್ನು ಖಂಡೇರಾವ್ ಗಾಯಕವಾಡ್ 1870ರಲ್ಲಿ ಕಟ್ಟಿಸಿದ್ದು ಬೇಟೆಯ ಬಿಡಾರವಾಗಿ. ಇಂದು ಅದು ವಾಯುಸೇನೆಯ ವಶದಲ್ಲಿದೆ. ಜಿಂಕೆಗಳಿದ್ದ ಬಯಲಿನಲ್ಲಿ ಕಾರ್ಖಾನೆಗಳಿವೆ. ಅದೇ ಮನೆತನದ ಫತೇಸಿಂಗರಾವ್ ಗಾಯಕವಾಡ್ 1969ರಲ್ಲಿ ಭಾರತದ ವಿಶ್ವ ವನ್ಯಜೀವಿ ನಿಧಿಯ ಮೊದಲ ಅಧ್ಯಕ್ಷರಾದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಬೇಟೆ ಎಂಬ ಹವ್ಯಾಸ ಈ ದೇಶದಲ್ಲಿ ಮುಗಿಯಿತು. ಜುನಾಗಢದ ನವಾಬರು ಹಾಕಿದ ನಿರ್ಬಂಧದಿಂದ ಉಳಿದುಕೊಂಡ ಗಿರ್ ಸಿಂಹಗಳು 2025ರ ಗಣತಿಯಲ್ಲಿ 891 ಇದ್ದವು. ಅವುಗಳನ್ನು ಉಳಿಸಿದ್ದು ಎಳೆಯದೆ ಬಿಟ್ಟ ಕುದುರೆಗಳು.

ಹಾಗಾದರೆ ನಾಲ್ಕು ಶತಮಾನಗಳ ಆ ಜಾಣ್ಮೆ ಎಲ್ಲಿಗೆ ಹೋಯಿತು? ಒಂದು ಪಾಲು ಕೊಡಗಿನ, ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿಗಳಾಗಿ ಗೋಡೆಗೆ ಒರಗಿದೆ. ಚುನಾವಣೆ ಬಂದಾಗಲೆಲ್ಲ ಪರವಾನಗಿದಾರ ಅದನ್ನು ಪೊಲೀಸ್ ಠಾಣೆಗೆ ಒಯ್ದು ಒಪ್ಪಿಸಿ, ಮುಗಿದ ಮೇಲೆ ಮರಳಿ ತರುತ್ತಾನೆ. ಕಾಡುಹಂದಿ ಚುನಾವಣೆಯ ದಿನಾಂಕ ನೋಡುವುದಿಲ್ಲ ಎಂಬ ಅವನ ಗೊಣಗಾಟದಲ್ಲೂ ನ್ಯಾಯವಿದೆ. ಇನ್ನೊಂದು ಪಾಲು ಗುರಿ ಅಂಕಣಗಳನ್ನು ಸೇರಿದೆ. ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಪೂರ್ಣ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲದ್ದು. 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಅಂಥ ಚುಕ್ಕೆಗಳ ಮುಂದೆ ನಿಂತು. ಅಲ್ಲಿನ ಕುದುರೆಗಳು ಉಸಿರಿಗೆ ಬಿಡುಗಡೆಯಾಗುವಷ್ಟು ಸೂಕ್ಷ್ಮ. ಗುಂಡು ತಪ್ಪಿದರೆ ಹಾಳಾಗುವುದು ಒಂದು ಕಾಗದದ ಚೂರು.

ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ರೈಫಲ್ಲನ್ನು ಮೊಬೈಲಿನ ಆಟದಲ್ಲಿ ಮಾತ್ರ ಬಲ್ಲರು. ಅಲ್ಲಿ ಕುದುರೆಗೆ ತೂಕವಿಲ್ಲ, ಮರ ಉಬ್ಬುವುದಿಲ್ಲ, ಗಾಯಗೊಂಡದ್ದು ಯಾವ ಹಳ್ಳಿಗೂ ಹೋಗುವುದಿಲ್ಲ, ಸತ್ತವನು ಮರುಕ್ಷಣ ಎದ್ದು ಬರುತ್ತಾನೆ. ಅವರಿಗೆ ಹಲಗಲಿಯ ಲಾವಣಿಯ ಕಥೆಯನ್ನೂ ಕೈಲ್ ಪೊಳ್ದಿನ ಹೂವನ್ನೂ ಜಹಾಂಗೀರನ ಅಂಕಿಗಳನ್ನೂ ನಾವು ಹೇಳಬೇಕಾಗಿದೆ. ರಜೆಯಲ್ಲಿ ಸಾಸಣ ಗಿರ್‌ಗೆ ಹೋದಾಗ ಮರದ ನೆರಳಿನಲ್ಲಿ ಆಕಳಿಸುವ ಸಿಂಹವನ್ನು ತೋರಿಸುತ್ತ, ಇದರ ಅಜ್ಜನ ಮೇಲೆ ಗುರಿಯಿಟ್ಟ ಯಾವನೋ ಒಬ್ಬ ಬೆರಳು ತೆಗೆದಿದ್ದರಿಂದ ಇದು ಇಲ್ಲಿದೆ ಎಂದು ಹೇಳಿದರೆ, ಈ ಚರಿತ್ರೆಯ ಬಹುಭಾಗವನ್ನು ಅವರಿಗೆ ತಲುಪಿಸಿದಂತಾಗುತ್ತದೆ.